ಟೆಸ್ಟ್ ಪಾಸು, ಮೇಲ್‌ನಲ್ಲಿ ಮಾತ್ರ ಪ್ಲಸ್ ಗುರುತು: ಮೇಲ್‌ಟು ಲಿಂಕ್ ಕಟ್ಟುವುದು, ಬಿಡಿಸುವುದು

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘದ ವೆಬ್‌ಸೈಟನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ‘ದೂರು ಬರೆಯಿರಿ’ ಬಟನ್ ಒತ್ತಿದರೆ ಮೇಲ್ ಆ್ಯಪ್ ತೆರೆದುಕೊಂಡು ವಿಳಾಸ, ವಿಷಯ, ಒಕ್ಕಣೆ ಮೊದಲೇ ತುಂಬಿರಬೇಕು. ತೆರೆಯುತ್ತದೆ, ಆದರೆ ವಿಷಯ ‘ನೀರಿನ+ಪೂರೈಕೆ+ಬಗ್ಗೆ’ ಎಂದು ಬರುತ್ತದೆ. ಹಳೆಯ ಪುಟಗಳಲ್ಲಿರುವ ಇಂಥ ‘ಮೇಲ್‌ಟು’ ಲಿಂಕುಗಳಿಂದ (ಒತ್ತಿದರೆ ಮೇಲ್ ಆ್ಯಪ್ ತೆರೆಯುವ ಲಿಂಕುಗಳು) ವಿಳಾಸ ಹೆಕ್ಕುವ ಸ್ಕ್ರಿಪ್ಟ್ ಒಂದಿದೆ. ಅದರಲ್ಲಿ ಉಲ್ಟಾ: ವಿಳಾಸದಲ್ಲಿ ಪ್ಲಸ್ ಇದ್ದರೆ ಅದು ಮಾಯ. ಒಕ್ಕಣೆ ಉದ್ದವಾದಾಗ ಕೆಲವರ ಕಂಪ್ಯೂಟರಿನಲ್ಲಿ ಮೇಲ್ ತೆರೆಯುವುದೇ ಇಲ್ಲ. ಕಟ್ಟಲು ಯುಆರ್‌ಎಲ್‌ಎನ್‌ಕೋಡ್, ಬಿಡಿಸಲು ಪಾರ್ಸ್_ಕ್ಯುಎಸ್ ಎಂಬ ಪೈಥಾನ್ ಫಂಕ್ಷನ್‌ಗಳನ್ನು ಬಳಸಿದ್ದೇನೆ. ಟೆಸ್ಟ್‌ಗಳೆಲ್ಲ ಪಾಸಾಗುತ್ತಿವೆ. ತಪ್ಪು ಎಲ್ಲಿದೆ?

ಉತ್ತರ: ಟೆಸ್ಟ್‌ಗಳು ಪಾಸಾಗುತ್ತಿವೆ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಟೆಸ್ಟ್ ಏನು ಮಾಡುತ್ತಿರಬಹುದು ಎಂದು ಊಹಿಸಬಲ್ಲೆ: ಒಂದು ವಿಷಯ ಕೊಟ್ಟು ಲಿಂಕ್ ಕಟ್ಟುತ್ತದೆ, ಅದೇ ಲಿಂಕನ್ನು ಬಿಡಿಸುತ್ತದೆ, ಕೊಟ್ಟದ್ದೇ ವಾಪಸು ಬಂತೇ ಎಂದು ನೋಡುತ್ತದೆ. ಬರುತ್ತದೆ. ಏಕೆಂದರೆ ಯುಆರ್‌ಎಲ್‌ಎನ್‌ಕೋಡ್ ಸ್ಪೇಸನ್ನು ಪ್ಲಸ್ ಮಾಡುತ್ತದೆ, ಪಾರ್ಸ್_ಕ್ಯುಎಸ್ ಆ ಪ್ಲಸನ್ನು ಮತ್ತೆ ಸ್ಪೇಸ್ ಮಾಡುತ್ತದೆ. ಒಬ್ಬ ಮಾಡಿದ ತಪ್ಪನ್ನು ಇನ್ನೊಬ್ಬ ಮುಚ್ಚಿಹಾಕುತ್ತಾನೆ. ಕಳ್ಳನೂ ಕಾವಲುಗಾರನೂ ಒಂದೇ ಮನೆಯವರು. ಹೊರಗಿನ ಮೇಲ್ ಆ್ಯಪ್ ಆ ಮನೆಯದಲ್ಲ. ಅದಕ್ಕೆ ಪ್ಲಸ್ ಎಂದರೆ ಪ್ಲಸ್ಸೇ.

ಸ್ಪೇಸಿಗೆ ಪ್ಲಸ್ ಬರೆಯುವ ಪದ್ಧತಿ ವೆಬ್ ಫಾರಂಗಳದ್ದು. ಹುಡುಕುವ ಪೆಟ್ಟಿಗೆಯಲ್ಲಿ ಎರಡು ಪದ ಹಾಕಿ ಒತ್ತಿದರೆ ಮೇಲಿನ ವಿಳಾಸಪಟ್ಟಿಯಲ್ಲಿ ನಡುವೆ ಪ್ಲಸ್ ಕಾಣುತ್ತದಲ್ಲ, ಅದು. ಮೇಲ್‌ಟು ಲಿಂಕಿನಲ್ಲೂ ಪ್ರಶ್ನಾರ್ಥಕ ಚಿಹ್ನೆ, ಸಮ ಚಿಹ್ನೆ, ‘&’ ಎಲ್ಲ ಇರುವುದರಿಂದ ಇದೂ ಅದೇ ಜಾತಿ ಎಂದು ಅನ್ನಿಸುತ್ತದೆ. ಅಲ್ಲ. ಮೇಲ್‌ಟು ಲಿಂಕನ್ನು 1994ರ ಆರ್‌ಎಫ್‌ಸಿ 1738 (ಆರ್‌ಎಫ್‌ಸಿ ಎಂದರೆ ಇಂಟರ್ನೆಟ್ ನಿಯಮಗಳ ದಾಖಲೆ) ವಿವರಿಸಿದಾಗ ಅದರಲ್ಲಿ ವಿಳಾಸವೊಂದೇ ಇತ್ತು. ವಿಷಯ, ಒಕ್ಕಣೆ ಸೇರಿದ್ದು 1998ರ ಆರ್‌ಎಫ್‌ಸಿ 2368ರಲ್ಲಿ. ಈಗ ಲೆಕ್ಕಕ್ಕಿರುವುದು 2010ರ ಅಕ್ಟೋಬರಿನ ಆರ್‌ಎಫ್‌ಸಿ 6068. ಅದು ಸ್ಪಷ್ಟವಾಗಿ ಹೇಳುತ್ತದೆ: ಸ್ಪೇಸನ್ನು %20 ಎಂದೇ ಬರೆಯಬೇಕು. ಪ್ಲಸ್ ವಿಳಾಸದೊಳಗೆ ನಿಜಕ್ಕೂ ಬರುವ ಅಕ್ಷರ, ಬೇಕಿದ್ದರೆ ಅದನ್ನು %2ಬಿ ಎಂದು ಬರೆಯಬಹುದು. (ಕೋಡಿನ ಹೆಸರುಗಳನ್ನೂ ಸಂಕೇತಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.) ಎಚ್‌ಟಿಎಂಎಲ್ ನಿಯಮ ಬರೆದವರಿಗೂ ಈ ಗೊಂದಲ ಗೊತ್ತಿತ್ತು. ಫಾರಂ ಒಂದನ್ನು ನೇರವಾಗಿ ಮೇಲ್‌ಟು ವಿಳಾಸಕ್ಕೆ ಕಳಿಸಿದರೆ, ಫಾರಂ ಹಾಕಿದ ಪ್ಲಸ್‌ಗಳನ್ನೆಲ್ಲ %20 ಮಾಡಿಯೇ ಮುಂದೆ ಕಳಿಸಬೇಕು ಎಂದು ಬ್ರೌಸರುಗಳಿಗೆ ಅಲ್ಲಿ ಕಟ್ಟಪ್ಪಣೆ ಇದೆ.

ಇದು ಪೈಥಾನ್ ಒಂದರ ಕಾಯಿಲೆಯಲ್ಲ. ಪಿಎಚ್‌ಪಿಯಲ್ಲಿ ಯುಆರ್‌ಎಲ್‌ಎನ್‌ಕೋಡ್ ಪ್ಲಸ್ ಹಾಕುತ್ತದೆ, ರಾಯುಆರ್‌ಎಲ್‌ಎನ್‌ಕೋಡ್ %20 ಹಾಕುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಪ್ಲಸ್, ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ %20. ಗೋ ಭಾಷೆಯಲ್ಲಿ ಕ್ವೆರಿಎಸ್ಕೇಪ್ ಪ್ಲಸ್, ಪಾತ್‌ಎಸ್ಕೇಪ್ %20. ಜಾವಾದ ಯುಆರ್‌ಎಲ್‌ಎನ್‌ಕೋಡರ್ ಕೂಡ ಪ್ಲಸ್ ಪಂಗಡಕ್ಕೇ ಸೇರಿದ್ದು. ಹೆಸರು ನೋಡಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಎರಡು ಪದದ ನಡುವೆ ಒಂದು ಸ್ಪೇಸ್ ಕೊಟ್ಟು ಓಡಿಸಿ ನೋಡಿದರೆ ಗೊತ್ತಾಗಿಬಿಡುತ್ತದೆ. ಪೈಥಾನ್‌ನಲ್ಲಿ ನಿಮಗೆ ಬೇಕಾದದ್ದು ಯುಆರ್‌ಎಲ್‌ಲಿಬ್.ಪಾರ್ಸ್ ಒಳಗಿನ ‘ಕೋಟ್’. ಯುಆರ್‌ಎಲ್‌ಎನ್‌ಕೋಡ್ ಬಿಡಲು ಮನಸ್ಸಿಲ್ಲದಿದ್ದರೆ ಅದಕ್ಕೆ ‘ಕೋಟ್_ವಯಾ’ ಎಂಬ ಆಯ್ಕೆ ಪೈಥಾನ್ 3.5ರಿಂದ ಇದೆ. ಅಲ್ಲಿ ಕೋಟ್ ಎಂದು ಕೊಟ್ಟರೆ %20 ಬರುತ್ತದೆ. ಪ್ಲಸ್ ಗುರುತಿನ ಕಾಟ ಅಷ್ಟಕ್ಕೇ ತೀರುತ್ತದೆ.

ಆದರೆ ಅಷ್ಟನ್ನೇ ಸರಿಪಡಿಸಿ ಬಿಟ್ಟರೆ ಇನ್ನಾರು ತಿಂಗಳಿಗೆ ಬೇರೊಂದು ರೂಪದಲ್ಲಿ ಇದೇ ಸಮಸ್ಯೆ ಮರಳಿ ಬರುತ್ತದೆ. ದಿನಸಿ ಅಂಗಡಿ ನೆನಪಿಸಿಕೊಳ್ಳಿ. ಅಂಗಡಿಯವರು ರವೆ, ಸಕ್ಕರೆ, ಸಾಸಿವೆಯನ್ನು ಒಂದೊಂದಾಗಿ ಪೊಟ್ಟಣ ಕಟ್ಟಿ ಆಮೇಲೆ ಚೀಲಕ್ಕೆ ಹಾಕುತ್ತಾರೆ. ಮನೆಯಲ್ಲಿ ನಾವು ಮೊದಲು ಚೀಲದಿಂದ ಪೊಟ್ಟಣಗಳನ್ನು ಹೊರಗಿಟ್ಟು ಆಮೇಲೆ ಒಂದೊಂದನ್ನೇ ಬಿಚ್ಚುತ್ತೇವೆ. ಚೀಲದೊಳಗೇ ಎಲ್ಲ ಪೊಟ್ಟಣ ಬಿಚ್ಚಿದರೆ ರವೆಯಲ್ಲಿ ಸಾಸಿವೆ ಆರಿಸುತ್ತಾ ಕೂರಬೇಕು. ಲಿಂಕೂ ಹಾಗೆಯೇ. ಕಟ್ಟುವಾಗ ಒಂದೊಂದು ತುಂಡನ್ನೂ ಎನ್‌ಕೋಡ್ ಮಾಡಿ (ಸ್ಪೇಸಿಗೆ %20 ಬರೆದಂತೆ ಸಂಕೇತಕ್ಕೆ ತಿರುಗಿಸಿ) ಆಮೇಲೆ ಜೋಡಿಸಬೇಕು. ಬಿಡಿಸುವಾಗ ಮೊದಲು ತುಂಡು ಮಾಡಿ ಆಮೇಲೆ ಡಿಕೋಡ್ ಮಾಡಬೇಕು, ಅಂದರೆ ಮೂಲರೂಪಕ್ಕೆ ತರಬೇಕು. ಇಡೀ ಲಿಂಕನ್ನು ಜೋಡಿಸಿಕೊಂಡು ಕೊನೆಗೆ ಒಂದೇ ಸಲ ಎನ್‌ಕೋಡ್ ಮಾಡುವ ಕೋಡನ್ನು ನಾನು ತುಂಬ ನೋಡಿದ್ದೇನೆ, ಒಂದು ಕಾಲದಲ್ಲಿ ಬರೆದೂ ಇದ್ದೇನೆ. ಆಗ ವಿಷಯದೊಳಗಿನ ‘&’ ಯಾವುದು, ಎರಡು ಭಾಗಗಳ ನಡುವಿನ ‘&’ ಯಾವುದು ಎಂದು ಯಂತ್ರಕ್ಕೆ ತಿಳಿಯುವ ದಾರಿಯೇ ಇರುವುದಿಲ್ಲ. ‘ನೀರು & ವಿದ್ಯುತ್’ ಎಂಬ ವಿಷಯ ‘ನೀರು’ ಎಂದಷ್ಟೇ ಉಳಿಯುತ್ತದೆ. ‘ದೂರು #45’ ಎಂದಿದ್ದರೆ # ಗುರುತಿನಿಂದ ಮುಂದಿನದೆಲ್ಲ ಲಿಂಕಿನ ಬಾಲವೆಂದು ಲೆಕ್ಕವಾಗಿ ದೂರಿನ ಸಂಖ್ಯೆಯೇ ಹಾರಿಹೋಗುತ್ತದೆ.

ಕಟ್ಟುವ ಫಂಕ್ಷನ್ ಹೀಗಿರಲಿ. ವಿಳಾಸವನ್ನು ಕೊನೆಯ @ ಹತ್ತಿರ ಎರಡಾಗಿ ಒಡೆಯಿರಿ. ‘ಕೊನೆಯ’ ಎಂದು ಒತ್ತಿ ಹೇಳಲು ಕಾರಣವಿದೆ: ಉದ್ಧರಣ ಚಿಹ್ನೆಯೊಳಗಿದ್ದರೆ @ ಎಡಭಾಗದಲ್ಲೂ ಬರಬಹುದು. ಆದ್ದರಿಂದ ಆರ್‌ಸ್ಪ್ಲಿಟ್ ಬಳಸಿ, ಒಂದೇ ಸಲ ಒಡೆಯಲು ಹೇಳಿ. ಎಡಭಾಗವನ್ನು ಕೋಟ್‌ಗೆ ಕೊಡಿ, ಜೊತೆಗೆ ‘ಸೇಫ್’ ಎಂಬ ಆಯ್ಕೆಯನ್ನು ಖಾಲಿ ಮಾಡಿ. ಇಲ್ಲದಿದ್ದರೆ ಕೋಟ್ ಓರೆಗೆರೆಯನ್ನು ಹಾಗೆಯೇ ಬಿಡುತ್ತದೆ. ನಡುವಿನ @ ಅನ್ನು ನೀವೇ ಕೈಯಾರೆ ಹಾಕಿ, ಎನ್‌ಕೋಡ್ ಮಾಡಬೇಡಿ. ಇಡೀ ವಿಳಾಸವನ್ನು ಕೋಟ್‌ಗೆ ತಳ್ಳಿದರೆ @ ಹೋಗಿ %40 ಆಗುತ್ತದೆ. ಹಲವು ಆ್ಯಪ್‌ಗಳು ಅದನ್ನು ಸಹಿಸಿಕೊಳ್ಳುತ್ತವೆ, ನಿಯಮ ಒಪ್ಪುವುದಿಲ್ಲ. ಒಂದಕ್ಕಿಂತ ಹೆಚ್ಚು ವಿಳಾಸವಿದ್ದರೆ ನಡುವೆ ಬರಬೇಕಾದದ್ದು ಅಲ್ಪವಿರಾಮ. ಕೆಲವು ಮೇಲ್ ಆ್ಯಪ್‌ಗಳಲ್ಲಿ ಅರ್ಧವಿರಾಮ ಹಾಕಿ ಅಭ್ಯಾಸವಾದವರು ಲಿಂಕಿನಲ್ಲೂ ಅದನ್ನೇ ಹಾಕುತ್ತಾರೆ. ಅದು ಸರಿಯಲ್ಲ.

ವಿಷಯ, ಒಕ್ಕಣೆ, ಸಿಸಿ ಇವುಗಳ ಬೆಲೆಯನ್ನು (ಅಂದರೆ ಆ ಹೆಸರಿನಡಿ ತುಂಬುವ ಪಠ್ಯವನ್ನು) ಒಂದೊಂದಾಗಿ ಕೋಟ್ ಮಾಡಿ, ಹೆಸರು, ಸಮ ಚಿಹ್ನೆ, ಬೆಲೆ ಎಂದು ಜೋಡಿಸಿ, ಜೋಡಿಗಳ ನಡುವೆ ‘&’ ಹಾಕಿ. ಒಂದಾದರೂ ಜೋಡಿ ಇದ್ದರಷ್ಟೇ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಒಕ್ಕಣೆಯ ಸಾಲುಮುರಿತಕ್ಕೆ ಬೇಕಾದದ್ದು %0ಡಿ%0ಎ, ಎರಡೂ ಸೇರಿ. ಪೈಥಾನ್‌ನ ಸಾಮಾನ್ಯ ಸಾಲುಮುರಿತ ಬರೀ %0ಎ ಕೊಡುತ್ತದೆ. ಬ್ರೌಸರಿನ ಪೆಟ್ಟಿಗೆಯಿಂದ ಬಂದ ಪಠ್ಯದಲ್ಲಿ ಎರಡೂ ಇರುತ್ತವೆ. ಹಾಗಾಗಿ ಮೊದಲು ಎಲ್ಲವನ್ನೂ ಒಂಟಿ ಸಾಲುಮುರಿತಕ್ಕೆ ಇಳಿಸಿ, ಆಮೇಲೆ ಜೋಡಿಗೆ ಏರಿಸಿ. ನೇರ ಏರಿಸಿದರೆ ಮೊದಲೇ ಜೋಡಿಯಾಗಿದ್ದ ಕಡೆ ಒಂದು %0ಡಿ ಹೆಚ್ಚಾಗಿ ಸಾಲುಗಳ ನಡುವೆ ಬೇಡದ ಅಂತರ ಕಾಣಿಸೀತು.

ಇಷ್ಟಾದ ಮೇಲೂ ಲಿಂಕನ್ನು ಪುಟದೊಳಗೆ ಹಾಕುವಾಗ ಇನ್ನೊಂದು ಕಾಗದ ಸುತ್ತಬೇಕು. ಎಚ್‌ಟಿಎಂಎಲ್‌ಗೆ ‘&’ ಎಂದರೆ ಬೇರೆ ಅರ್ಥ, ಆದ್ದರಿಂದ ಎಚ್‌ಟಿಎಂಎಲ್.ಎಸ್ಕೇಪ್ ಆಗಬೇಕು. ಜ್ಯಾಂಗೋ ಟೆಂಪ್ಲೇಟು ಇದನ್ನು ತಾನಾಗಿಯೇ ಮಾಡುತ್ತದೆ. ಅಲ್ಲಿ ನೀವೂ ಮಾಡಿದರೆ ಎರಡು ಸುತ್ತು ಕಾಗದವಾಗಿ ಲಿಂಕ್ ಕೆಡುತ್ತದೆ.

ಈಗ ಬಿಡಿಸುವುದು. ನನ್ನ ಅನುಭವದಲ್ಲಿ ಜನ ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ, ಏಕೆಂದರೆ ಕಟ್ಟಿದ ಲಿಂಕ್ ನಿಮ್ಮದು, ಬಿಡಿಸುವ ಲಿಂಕ್ ಊರವರದ್ದು.

ಪುಟದಿಂದ ಲಿಂಕ್ ಹೆಕ್ಕಲು ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಪಠ್ಯ ಹುಡುಕುವ ವಿಧಾನ) ಬೇಡ, ಎಚ್‌ಟಿಎಂಎಲ್ ಪಾರ್ಸರ್ ಬಳಸಿ. ಪೈಥಾನ್ ಜೊತೆಗೇ ಬರುವುದು ಸಾಕು, ಅದು ಹೊರಗಿನ ಕಾಗದವನ್ನು ತಾನೇ ಬಿಚ್ಚಿ ಕೊಡುತ್ತದೆ. ರೆಜೆಕ್ಸ್ ಹಿಡಿದುಕೊಂಡು ಹೋದವರಿಗೆ ‘ಬಾಡಿ’ ಎಂಬ ಹೆಸರಿನ ಬದಲು ‘ಎಎಂಪಿ;ಬಾಡಿ’ ಎಂಬ ವಿಚಿತ್ರ ಹೆಸರು ಸಿಗುತ್ತದೆ. ನಿಮ್ಮ ಸ್ಕ್ರಿಪ್ಟ್‌ನ ಲಾಗ್‌ನಲ್ಲಿ ಅಂಥದ್ದು ಕಂಡಿದ್ದರೆ ಕಾರಣ ಇದು.

ಸಿಕ್ಕ ಲಿಂಕನ್ನು ಯುಆರ್‌ಎಲ್‌ಸ್ಪ್ಲಿಟ್‌ಗೆ ಕೊಡಿ. ‘ಪಾತ್’ ಎಂಬಲ್ಲಿ ವಿಳಾಸಗಳು, ‘ಕ್ವೆರಿ’ ಎಂಬಲ್ಲಿ ಉಳಿದದ್ದು ಬರುತ್ತದೆ. ಎರಡೂ ಇನ್ನೂ ಪೊಟ್ಟಣದಲ್ಲೇ ಇವೆ, ಅದೇ ನಮಗೆ ಬೇಕಾದದ್ದು. ಮೇಲ್‌ಟು ಎಂಬ ಪದವನ್ನು ದೊಡ್ಡಕ್ಷರದಲ್ಲಿ ಬರೆದಿದ್ದರೂ ಅದು ಸಣ್ಣಕ್ಷರ ಮಾಡಿಕೊಳ್ಳುತ್ತದೆ. ಮೇಲ್‌ಟು ಆದ ಮೇಲೆ ಎರಡು ಓರೆಗೆರೆ ಹಾಕುವ ಪುಣ್ಯಾತ್ಮರೂ ಇದ್ದಾರೆ. ಆಗ ಪಾತ್ ಖಾಲಿಯಾಗಿ ವಿಳಾಸ ‘ನೆಟ್‌ಲೋಕ್’ ಎಂಬಲ್ಲಿ ಕೂತಿರುತ್ತದೆ. ಹಳೆಯ ಪುಟಗಳನ್ನು ಜಾಲಾಡುವವರು ಅಲ್ಲೂ ಒಮ್ಮೆ ಇಣುಕಬೇಕು.

ಪಾತನ್ನು ಅಲ್ಪವಿರಾಮದಲ್ಲಿ ಒಡೆದು, ಆಮೇಲೆ ಪ್ರತಿ ತುಂಡನ್ನೂ ‘ಅನ್‌ಕೋಟ್’ ಮಾಡಿ. ಕ್ವೆರಿಯನ್ನು ‘&’ನಲ್ಲಿ ಒಡೆಯಿರಿ, ಪ್ರತಿ ತುಂಡನ್ನೂ ಮೊದಲ ಸಮ ಚಿಹ್ನೆಯಲ್ಲಿ ಪಾರ್ಟಿಶನ್ ಮಾಡಿ, ಎರಡೂ ಕಡೆಯನ್ನು ಅನ್‌ಕೋಟ್ ಮಾಡಿ, ಹೆಸರನ್ನು ಸಣ್ಣಕ್ಷರಕ್ಕೆ ಇಳಿಸಿ. ‘ಅನ್‌ಕೋಟ್_ಪ್ಲಸ್’ ಬೇಡ, ಪಾರ್ಸ್_ಕ್ಯುಎಸ್ ಬೇಡ. ನಿಮ್ಮ ‘ದೂರು+ನೀರು@ಎಕ್ಸಾಂಪಲ್.ಕಾಮ್’ ಎಂಬಂಥ ವಿಳಾಸದಲ್ಲಿ ಪ್ಲಸ್ ಮಾಯವಾದದ್ದು ಇವುಗಳ ಕೈಚಳಕದಿಂದ. ಪಾರ್ಸ್_ಕ್ಯುಎಸ್ ಬೇಡವೆನ್ನಲು ಇನ್ನೊಂದು ಕಾರಣ: ಬೆಲೆ ಖಾಲಿ ಇರುವ ಹೆಸರುಗಳನ್ನು ಅದು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ನಾಲ್ಕೈದು ಸಾಲಿನ ಕೆಲಸ, ನೀವೇ ಬರೆಯಿರಿ. ವಿಳಾಸ ಪಾತ್‌ನಲ್ಲೇ ಇರಬೇಕೆಂದೇನೂ ಇಲ್ಲ, ‘ಟು’ ಎಂಬ ಹೆಸರಿನಲ್ಲಿ ಕ್ವೆರಿಯಲ್ಲೂ ಬರಬಹುದು. ಎರಡನ್ನೂ ಕೂಡಿಸಿ.

ಡಿಕೋಡ್ ಒಂದೇ ಸಲ. ‘ಏನಾದರೂ ಉಳಿದಿದ್ದರೆ’ ಎಂದು ಇನ್ನೊಮ್ಮೆ ಮಾಡುವ ಚಾಳಿ ಬೇಡ. ‘ಲಿಂಕಿನಲ್ಲಿ %20 ಎಂದರೇನು’ ಎಂದು ಒಬ್ಬರು ವಿಷಯ ಬರೆದಿದ್ದಾರೆ ಎನ್ನಿ. ಅದು ಲಿಂಕಿನಲ್ಲಿ %2520 ಆಗಿರುತ್ತದೆ. ಒಮ್ಮೆ ಬಿಚ್ಚಿದರೆ ಅವರು ಬರೆದದ್ದೇ ಸಿಗುತ್ತದೆ, ಎರಡು ಸಲ ಬಿಚ್ಚಿದರೆ ಪ್ರಶ್ನೆಯೇ ಮಾಯ. ಅನ್‌ಕೋಟ್‌ಗೆ ಅರ್ಥವಾಗದ ಬೈಟ್ ಸಿಕ್ಕರೆ ಅದು ದೂರದೆ ಒಂದು ಪ್ರಶ್ನಾರ್ಥಕ ವಜ್ರವನ್ನು ಇಟ್ಟು ಮುಂದೆ ಹೋಗುತ್ತದೆ. ‘ಎರರ್ಸ್’ ಆಯ್ಕೆಯನ್ನು ಸ್ಟ್ರಿಕ್ಟ್ ಮಾಡಿದರೆ ಅಲ್ಲೇ ನಿಲ್ಲುತ್ತದೆ. ದತ್ತಾಂಶ ವರ್ಗಾಯಿಸುವ ಸ್ಕ್ರಿಪ್ಟ್‌ಗಳಲ್ಲಿ ನಾನು ಯಾವಾಗಲೂ ಸ್ಟ್ರಿಕ್ಟ್ ಹಾಕುತ್ತೇನೆ. ಇನ್ನು ಹಳೆಯ ಪುಟದ ವಿಷಯ ‘PÀ’ ಜಾತಿಯ ವಿಚಿತ್ರ ಅಕ್ಷರಗಳಾಗಿ ಕಂಡರೆ ಡಿಕೋಡ್ ಮಾಡಿದವರ ತಪ್ಪಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟ್‌ನಲ್ಲಿ ಬರೆದ ಪುಟ ಅದು, ಪರಿವರ್ತಕಕ್ಕೆ ಕೊಡಬೇಕು.

ಕೆಲವರು ವಿಳಾಸದ ಜಾಗದಲ್ಲಿ ಹೆಸರನ್ನೂ ಕೋನಾವರಣದಲ್ಲಿ ವಿಳಾಸವನ್ನೂ ಸೇರಿಸಿ ಬರೆದಿರುತ್ತಾರೆ. ನಿಯಮಕ್ಕೆ ಹೊರತಾದದ್ದು, ಆದರೂ ಸಿಗುತ್ತದೆ. ಅದಕ್ಕೆ ಇಮೇಲ್.ಯುಟಿಲ್ಸ್ ಒಳಗಿನ ಪಾರ್ಸ್‌ಅಡ್ರ್ ಇದೆ. ವಿಶೇಷ ಚಿಹ್ನೆಗಳಿರುವ ವಿಳಾಸವನ್ನು ಅದು ತಪ್ಪಾಗಿ ಓದುತ್ತದೆ ಎಂಬ ಭದ್ರತಾ ದೋಷ 2023ರಲ್ಲಿ ದಾಖಲಾಯಿತು. ಪೈಥಾನ್ 3.13ರಲ್ಲಿ ಅದಕ್ಕೆ ‘ಸ್ಟ್ರಿಕ್ಟ್’ ಎಂಬ ಆಯ್ಕೆ ಬಂದಿದೆ, ತಾನಾಗಿಯೇ ಆನ್ ಆಗಿರುತ್ತದೆ. ಹಳೆಯ ಪೈಥಾನ್ ಇಟ್ಟುಕೊಂಡವರು ಪಾರ್ಸ್‌ಅಡ್ರ್ ಕೊಟ್ಟ ವಿಳಾಸವನ್ನು ನಂಬಿ ‘ಇವರು ನಮ್ಮ ಸಂಸ್ಥೆಯವರು’ ಎಂಬಂಥ ತೀರ್ಮಾನ ಮಾಡಬಾರದು.

ವಿಳಾಸ ಸರಿಯಿದೆಯೇ ಎಂದು ನೋಡಲು ಮೊಳದುದ್ದದ ರೆಜೆಕ್ಸ್ ಹುಡುಕಬೇಡಿ. ಕೆಲವು ವರ್ಷದ ಹಿಂದೆ ಒಂದು ಕಡೆ ನನ್ನದೇ ಪ್ಲಸ್ ವಿಳಾಸವನ್ನು ‘ತಪ್ಪು ವಿಳಾಸ’ ಎಂದು ತಿರಸ್ಕರಿಸಿದ ಫಾರಂನಲ್ಲಿ ಅಂಥದ್ದೇ ಒಂದು ರೆಜೆಕ್ಸ್ ಇತ್ತು. @ ಇದೆಯೇ, ಎರಡೂ ಬದಿ ಖಾಲಿಯಿಲ್ಲವೇ, ಎಡಭಾಗ 64 ಬೈಟ್ ದಾಟಿಲ್ಲವೇ, ಒಟ್ಟು 254 ದಾಟಿಲ್ಲವೇ ಎಂದು ನೋಡಿದರೆ ಸಾಕು. ಮಿಕ್ಕಿದ್ದು ಆ ವಿಳಾಸಕ್ಕೆ ಒಂದು ಮೇಲ್ ಕಳಿಸಿದಾಗ ಗೊತ್ತಾಗುತ್ತದೆ.

ಭದ್ರತೆಯ ಮಾತು ಬಂದಾಗ ನನ್ನ ನಿಲುವು ಬಿಗಿ. ಲಿಂಕಿನಿಂದ ಟು, ಸಿಸಿ, ಸಬ್ಜೆಕ್ಟ್, ಬಾಡಿ ಈ ನಾಲ್ಕನ್ನು ಮಾತ್ರ ತೆಗೆದುಕೊಳ್ಳಿ, ಉಳಿದ ಹೆಸರು ಏನೇ ಇರಲಿ ಬಿಟ್ಟುಬಿಡಿ. ‘ಅಟ್ಯಾಚ್’ ಎಂಬ ಹೆಸರು ಯಾವ ನಿಯಮದಲ್ಲೂ ಇಲ್ಲ, ಆದರೂ ಕೆಲವು ಮೇಲ್ ಆ್ಯಪ್‌ಗಳು ಅದನ್ನು ಒಪ್ಪುತ್ತಿದ್ದವು. ಲಿಂಕ್ ಒತ್ತಿದವರ ಕಂಪ್ಯೂಟರಿನ ಕಡತವನ್ನೇ ಅವರಿಗರಿವಿಲ್ಲದೆ ಮೇಲ್‌ಗೆ ಅಂಟಿಸಬಹುದು ಎಂದು 2020ರಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿಕೊಟ್ಟರು. ಕೆಮೇಲ್, ಎವಲ್ಯೂಷನ್ ಎಂಬ ಎರಡು ಮೇಲ್ ಆ್ಯಪ್‌ಗಳೂ ಅಂಥವುಗಳಲ್ಲಿದ್ದವು. ಇನ್ನೊಂದು: ವಿಷಯದೊಳಗೆ %0ಡಿ%0ಎ ತೂರಿಸಿ ಅದರ ಮುಂದೆ ‘ಬಿಸಿಸಿ:’ ಎಂದು ಬರೆದ ಲಿಂಕು ಬರಬಹುದು. ನಿಮ್ಮ ಸರ್ವರ್ ಆ ವಿಷಯವನ್ನು ಹಾಗೆಯೇ ಹೆಡರಿಗೆ (ಮೇಲ್‌ನ ತಲೆಬರಹದ ಸಾಲುಗಳಿಗೆ) ಅಂಟಿಸಿ ಮೇಲ್ ಕಳಿಸುವುದಾದರೆ ಅದು ಹೊಸ ಹೆಡರ್ ಆಗಿಬಿಡುತ್ತದೆ. ಪೈಥಾನ್‌ನ ಇಮೇಲ್‌ಮೆಸೇಜ್ ಕ್ಲಾಸ್ ಇಂಥ ಬೆಲೆ ಕೊಟ್ಟರೆ ವ್ಯಾಲ್ಯೂಎರರ್ ಎಸೆಯುತ್ತದೆ. ಹೆಡರುಗಳನ್ನು ಕೈಯಿಂದ ಜೋಡಿಸುವ ಹಳೆಯ ಕೋಡಿಗೆ ಆ ರಕ್ಷೆ ಇಲ್ಲ.

ಕೊನೆಯ ತಕರಾರು, ಉದ್ದದ್ದು. ಇದು ಕನ್ನಡದಲ್ಲಿ ಬರೆಯುವ ನಮ್ಮಂಥವರಿಗೆ ಬೇಗ ತಟ್ಟುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಪ್ರತಿ ಬೈಟ್ ಲಿಂಕಿನಲ್ಲಿ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ‘ಕ’ ಎಂಬುದು %ಇ0%ಬಿ2%95 ಆಗುತ್ತದೆ, ಒಟ್ಟು 9. ಒತ್ತಕ್ಷರವಿದ್ದರೆ ನಡುವಿನ ಅರ್ಧಾಕ್ಷರ ಚಿಹ್ನೆಗೂ 9, ಪ್ರತಿ ಸ್ವರಚಿಹ್ನೆಗೂ 9. ‘ಕನ್ನಡ’ ಎಂಬ ಪದದಲ್ಲಿ ಕಣ್ಣಿಗೆ ಮೂರೇ ಅಕ್ಷರ, ಸಂಕೇತ 5, ಲಿಂಕಿನಲ್ಲಿ 45. ನಿಮ್ಮ ‘ನೀರಿನ ಪೂರೈಕೆ ಬಗ್ಗೆ’ 150. ವಿಂಡೋಸ್ ಲೋಕದಲ್ಲಿ ಲಿಂಕಿನ ಉದ್ದ ಸುಮಾರು 2000 ದಾಟಿದರೆ ತೊಂದರೆ ಶುರು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಮಿತಿ 2083 ಇತ್ತು, ಆ ಅಂದಾಜಿನ ಸಂಸ್ಕಾರ ಇನ್ನೂ ಉಳಿದಿದೆ. 2000ವನ್ನು 9ರಿಂದ ಭಾಗಿಸಿ: 222 ಸಂಕೇತ. ಇಂಗ್ಲಿಷಿನಲ್ಲಿ ಎರಡು ಪ್ಯಾರಾ ಬರೆಯುವ ಜಾಗದಲ್ಲಿ ನಮಗೆ ಮೂರ್ನಾಲ್ಕು ವಾಕ್ಯ. ಕಟ್ಟುವ ಫಂಕ್ಷನ್ ಕೊನೆಯಲ್ಲಿ ಉದ್ದ ಅಳೆದು, ಮಿತಿ ದಾಟಿದರೆ ಒಕ್ಕಣೆಯನ್ನು ಕೈಬಿಡಲಿ. ನಡುವೆ ಕತ್ತರಿಸಬೇಡಿ: ಎನ್‌ಕೋಡ್ ಆದ ಮೇಲೆ ಕತ್ತರಿಸಿದರೆ ಒಂದು ಅಕ್ಷರದ ಮೂರು ಬೈಟಿನಲ್ಲಿ ಎರಡೇ ಉಳಿದು ಕಸವಾಗುತ್ತದೆ.

ಕನ್ನಡದ್ದೇ ಇನ್ನೆರಡು ಸಣ್ಣ ಸೂಕ್ಷ್ಮಗಳು. ಡೊಮೇನ್ ಕನ್ನಡದಲ್ಲಿದ್ದರೆ (.ಭಾರತ ಎಂಬುದು ಕನ್ನಡ ಲಿಪಿಯಲ್ಲೂ ಇದೆ) ಲಿಂಕಿನಲ್ಲಿ ಅದನ್ನು ಎಕ್ಸ್‌ಎನ್ ಎಂದು ಶುರುವಾಗುವ ಪ್ಯೂನಿಕೋಡ್ ರೂಪದಲ್ಲಿ (ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲೇ) ಬರೆಯಿರಿ, ಹಳೆಯ ಆ್ಯಪ್‌ಗಳಿಗೂ ಅದು ನಡೆಯುತ್ತದೆ. ಈ ಪರಿವರ್ತನೆಗೆ ಪೈಥಾನ್‌ನೊಳಗಿರುವ ‘ಐಡಿಎನ್‌ಎ’ ಕೋಡೆಕ್ 2003ರ ನಿಯಮದ್ದು. ‘ಮೇಲ್‌ಟು’ ಎಂಬಲ್ಲಿ ಲ್ ಆದ ಮೇಲೆ ನಾವು ಒತ್ತುವ, ಕಣ್ಣಿಗೆ ಕಾಣದ ಆ ಅಗಲಿಕೆಯ ಸಂಕೇತವನ್ನು ಅದು ನುಂಗಿಹಾಕುತ್ತದೆ. 2008ರ ನಿಯಮಕ್ಕೆ ಅದೇ ಹೆಸರಿನ ಪ್ರತ್ಯೇಕ ಪ್ಯಾಕೇಜ್ ಇದೆ, ಅದನ್ನು ಬಳಸಿ. @ನ ಎಡಭಾಗ ಕನ್ನಡದಲ್ಲಿದ್ದರೆ ಪ್ಯೂನಿಕೋಡ್ ಉಪಯೋಗಕ್ಕೆ ಬಾರದು. ಕಳಿಸುವ, ಪಡೆಯುವ ಎರಡೂ ಸರ್ವರುಗಳು 2012ರ ಎಸ್‌ಎಂಟಿಪಿ-ಯುಟಿಎಫ್8 ವಿಸ್ತರಣೆಯನ್ನು ಒಪ್ಪಬೇಕು. ಅಂಥ ವಿಳಾಸಗಳನ್ನು ಹೋಲಿಸುವ ಮುನ್ನ ಎನ್‌ಎಫ್‌ಸಿ ಎಂಬ ಯೂನಿಕೋಡ್‌ನ ಏಕರೂಪಕ್ಕೆ ತನ್ನಿ. ‘ೊ’ ಒಂದೇ ಸಂಕೇತವಾಗಿಯೂ ಇರಬಹುದು, ಎರಡು ತುಂಡಾಗಿಯೂ ಇರಬಹುದು, ನೋಡಲು ಎರಡೂ ಒಂದೇ.

ಟೆಸ್ಟ್‌ಗೆ ಮರಳೋಣ. ಕಟ್ಟಿ ಬಿಡಿಸುವ ಟೆಸ್ಟ್ ಇರಲಿ, ಆದರೆ ಅದರ ಜೊತೆ ಕೈಯಿಂದ ಬರೆದಿಟ್ಟ ಉತ್ತರಗಳೂ ಇರಲಿ: ಈ ವಿಷಯಕ್ಕೆ ಬರಬೇಕಾದ ಲಿಂಕ್ ಅಕ್ಷರಕ್ಷರ ಇದೇ ಎಂದು. ಕೊಡಬೇಕಾದ ಬೆಲೆ ಸ್ವಲ್ಪ ತುಂಟವಾಗಿರಲಿ. ನಾನು ಇಟ್ಟುಕೊಂಡಿರುವುದು ‘ಅ+ಆ & 50% #3?’ ಮತ್ತು ಅದರ ಕೆಳಗೊಂದು ಖಾಲಿ ಸಾಲು. ಆ ಲಿಂಕನ್ನು ಫೋನಿನ ಮೇಲ್ ಆ್ಯಪ್, ಕಂಪ್ಯೂಟರಿನ ಮೇಲ್ ಆ್ಯಪ್ ಎರಡರಲ್ಲೂ ಒಮ್ಮೆ ಒತ್ತಿ ನೋಡಿ.

ನಿಮ್ಮ ಸಂಘದ ದೂರಿಗಾದರೆ ನಾನು ಹೇಳುವುದು ಇಷ್ಟು: ಲಿಂಕಿನಲ್ಲಿ ವಿಳಾಸ ಮತ್ತು ಚಿಕ್ಕ ವಿಷಯ ಮಾತ್ರ ಇಡಿ, ಉದ್ದನೆಯ ಒಕ್ಕಣೆ ಬೇಕಿದ್ದರೆ ಪುಟದಲ್ಲೇ ಒಂದು ಫಾರಂ ಇಡಿ. ಬಟನ್ ಪಕ್ಕದಲ್ಲಿ ವಿಳಾಸವನ್ನು ಓದುವಂತೆ ಬರೆದು ನಕಲು ಮಾಡಿಕೊಳ್ಳುವ ಗುಂಡಿಯನ್ನೂ ಕೊಡಿ. ಬ್ರೌಸರಿನಲ್ಲೇ ಮೇಲ್ ನೋಡುವವರ ಕಂಪ್ಯೂಟರಿನಲ್ಲಿ ಮೇಲ್ ಆ್ಯಪ್ ಹೊಂದಿಸಿಯೇ ಇರುವುದಿಲ್ಲ, ನೀವೆಷ್ಟೇ ಚೆಂದವಾಗಿ ಲಿಂಕ್ ಕಟ್ಟಿದ್ದರೂ ಅವರು ಒತ್ತಿದಾಗ ಏನೂ ಆಗುವುದಿಲ್ಲ.